ಜಗಳೂರಿನ ಲೆಕ್ಕಕ್ಕೂ ವಿಶ್ವಸಂಸ್ಥೆಯ ಹತ್ತನೇ ಗುರಿಗೂ ಏನು ಸಂಬಂಧ?

ಪ್ರಶ್ನೆ: ನಾನು ಜಗಳೂರು ತಾಲ್ಲೂಕಿನ ಮಹಿಳಾ ಸಂಘಗಳ ಒಕ್ಕೂಟವೊಂದರಲ್ಲಿ ಕೆಲಸ ಮಾಡುತ್ತೇನೆ. ಈಚೆಗೆ ಬೆಂಗಳೂರಿನಲ್ಲಿ ನಡೆದ ಸಭೆಯೊಂದರಲ್ಲಿ ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಹತ್ತನೆಯದಾದ ಅಸಮಾನತೆ ತಗ್ಗಿಸುವಿಕೆಯ ಬಗ್ಗೆ ನಮ್ಮ ಅನುಭವವನ್ನು ಬರೆದುಕೊಡಿ, ಅದು ಮೇಲಿನವರೆಗೆ ಹೋಗುತ್ತದೆ ಎಂದು ಹೇಳಿದರು. ಊರಿಗೆ ಬಂದು ಹೇಳಿದರೆ ನಮ್ಮ ಸಂಘದ ಹಿರಿಯರು, "ನ್ಯೂಯಾರ್ಕಿನಲ್ಲಿ ಅವರು ಮಾತಾಡಿಕೊಂಡರೆ ನಮಗೇನು ಬಂತು?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಸಂಘಸಂಸ್ಥೆಗಳ ಒತ್ತಾಯದಿಂದ ಅಲ್ಲಿ ನಿಜವಾಗಿ ಏನಾದರೂ ಬದಲಾಗಿದೆಯೇ? ನಾವು ಬರೆಯುವುದಾದರೆ ಏನನ್ನು ಬರೆಯಬೇಕು?

ಉತ್ತರ: ನಿಮ್ಮ ಸಂಘದ ಹಿರಿಯರು ಕೇಳಿರುವುದು ನ್ಯಾಯವಾದ ಪ್ರಶ್ನೆ. ಅದನ್ನು ತಪ್ಪಿಸಿಕೊಂಡು ಬರೆಯುವ ಯಾವ ಮನವಿಯೂ ಗಟ್ಟಿಯಾಗಿರುವುದಿಲ್ಲ. ಆದ್ದರಿಂದ ಏನಾದರೂ ಬದಲಾಗಿದೆಯೇ ಎಂಬುದನ್ನೇ ಮೊದಲು ನೋಡೋಣ. ಬದಲಾಗಿದೆ, ಆದರೆ ಅರ್ಧ. ಆ ಅರ್ಧ ಯಾವುದು, ಉಳಿದರ್ಧ ಎಲ್ಲಿ ನಿಂತಿದೆ ಎಂಬುದು ತಿಳಿದರೆ ನೀವು ಏನು ಬರೆಯಬೇಕು ಎಂಬುದೂ ತಾನಾಗಿ ತಿಳಿಯುತ್ತದೆ.

2000ದಲ್ಲಿ ವಿಶ್ವಸಂಸ್ಥೆಯ ನೆರಳಿನಲ್ಲಿ ರೂಪುಗೊಂಡ ಸಹಸ್ರಮಾನ ಅಭಿವೃದ್ಧಿ ಗುರಿಗಳು ಎಂಟು. ಅವುಗಳಲ್ಲಿ ಅಸಮಾನತೆಯ ಹೆಸರಿನ ಗುರಿ ಇರಲಿಲ್ಲ. ಮೊದಲ ಗುರಿಯು ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಯಲ್ಲಿ ಬದುಕುವವರ ಪ್ರಮಾಣವನ್ನು 2015ರೊಳಗೆ ಅರ್ಧಕ್ಕೆ ಇಳಿಸಬೇಕೆಂದು ಹೇಳುತ್ತಿತ್ತೇ ಹೊರತು, ಬಡತನದಿಂದ ಮೇಲೆ ಬಂದ ಆ ಅರ್ಧದಲ್ಲಿ ಯಾರಿದ್ದಾರೆ, ಉಳಿದ ಅರ್ಧದಲ್ಲಿ ಯಾರು ಉಳಿದರು ಎಂದು ಕೇಳುತ್ತಿರಲಿಲ್ಲ. ದೇಶದ ಸರಾಸರಿ ಮೇಲೇರಿದರೆ ಸಾಕು, ಗುರಿ ಮುಟ್ಟಿದಂತೆ. ರಸ್ತೆ ಪಕ್ಕದ, ಶಾಲೆ ಹತ್ತಿರದ, ಒಂದಿಷ್ಟು ಜಮೀನಿರುವ ಮನೆಗಳನ್ನು ಮೊದಲು ತಲುಪುವ ಸರ್ಕಾರಕ್ಕೆ ಆ ಲೆಕ್ಕದಲ್ಲಿ ಬೇಗ ಹೆಸರು ಬರುತ್ತಿತ್ತು. ಕೊನೆಯ ಹಟ್ಟಿಯಿಂದ ಕೆಲಸ ಶುರುಮಾಡುವವರಿಗೆ ಅಲ್ಲ.

ಸರಾಸರಿ ಏನನ್ನು ಮುಚ್ಚುತ್ತದೆ ಎಂಬುದನ್ನು ನಮ್ಮ ದಾವಣಗೆರೆ ಜಿಲ್ಲೆಯವರಿಗೆ ಪುಸ್ತಕದಿಂದ ಹೇಳಬೇಕಾಗಿಲ್ಲ. ಭದ್ರಾ ಬಲದಂಡೆ ನಾಲೆಗೆ ನೀರು ಬಿಟ್ಟ ದಿನ ಇಷ್ಟು ಕ್ಯುಸೆಕ್ ಹರಿಯಿತು ಎಂದು ಪತ್ರಿಕೆಯಲ್ಲಿ ಬರುತ್ತದೆ. ಆ ಅಂಕಿಯನ್ನು ಅಚ್ಚುಕಟ್ಟಿನ ಒಟ್ಟು ಎಕರೆಯಿಂದ ಭಾಗಿಸಿದರೆ ಎಲ್ಲರಿಗೂ ನೀರು ಸಿಕ್ಕ ಹಾಗೆಯೇ ಕಾಣುತ್ತದೆ. ಬೇಸಿಗೆ ಬೆಳೆಯ ಕಾಲದಲ್ಲಿ ನಾಲೆಯ ಜೊತೆಗೇ ಹರಿಹರದ ಕಡೆಗೆ ನಡೆದು ಹೋದರೆ ಬೇರೆಯದೇ ಕಾಣುತ್ತದೆ. ಮೇಲ್ಭಾಗದಲ್ಲಿ ದಡದುದ್ದಕ್ಕೂ ಪಂಪ್‌ಸೆಟ್ಟುಗಳ ಪೈಪು ನಾಲೆಯೊಳಗೆ ಇಳಿದಿರುತ್ತವೆ, ತೋಟಗಳಲ್ಲಿ ಅಡಿಕೆ ನಳನಳಿಸುತ್ತಿರುತ್ತದೆ. ಕೊನೆ ಭಾಗಕ್ಕೆ ಬರುವ ಹೊತ್ತಿಗೆ ಉಪನಾಲೆಯ ತಳದಲ್ಲಿ ಕಪ್ಪೆ ನೆನೆಯುವಷ್ಟು ನೀರು ಇರುತ್ತದೆ. ನಾಟಿ ಮಾಡಿದ ಗದ್ದೆಯ ಕೆಸರು ಬೆರಳು ಹೋಗುವಷ್ಟು ಅಗಲಕ್ಕೆ ಬಿರುಕು ಬಿಟ್ಟಿರುತ್ತದೆ. ಅಲ್ಲಿಯ ರೈತರು ಧರಣಿ ಕುಳಿತಾಗ, ಒಟ್ಟು ಎಷ್ಟು ನೀರು ಬಿಟ್ಟಿರಿ ಎಂದು ಅವರು ಕೇಳುವುದಿಲ್ಲ. ನಮ್ಮ ತೂಬಿನಲ್ಲಿ ಎಷ್ಟು ಬಂತು, ಅದನ್ನು ಅಳೆದು ತೋರಿಸಿ ಎಂದು ಕೇಳುತ್ತಾರೆ. ಜಗತ್ತಿನ ನಾಗರಿಕ ಸಮಾಜವು ಸುಮಾರು 2010ರಿಂದ 2015ರವರೆಗೆ ವಿಶ್ವಸಂಸ್ಥೆಯ ಮುಂದೆ ಇಟ್ಟ ಹಕ್ಕೊತ್ತಾಯದ ತಿರುಳೂ ಇದೇ.

ಆ ಒತ್ತಾಯ ಸುಲಭದಲ್ಲಿ ಫಲಿಸಲಿಲ್ಲ. 2012-13ರಲ್ಲಿ ಯುನಿಸೆಫ್ ಮತ್ತು ವಿಶ್ವಸಂಸ್ಥೆಯ ಮಹಿಳಾ ವಿಭಾಗದ ಮುಂದಾಳತ್ವದಲ್ಲಿ ಅಸಮಾನತೆಯ ಕುರಿತು ಜಾಗತಿಕ ಸಮಾಲೋಚನೆ ನಡೆಯಿತು. 2013ರಲ್ಲಿ 90 ಮಂದಿ ಅರ್ಥಶಾಸ್ತ್ರಜ್ಞರು ಮತ್ತು ಅಭಿವೃದ್ಧಿ ತಜ್ಞರು ಪತ್ರ ಬರೆದು, 2015ರ ನಂತರದ ಹೊಸ ಗುರಿಗಳಲ್ಲಿ ಅಸಮಾನತೆಯನ್ನು ನೇರವಾಗಿ ಅಳೆಯಬೇಕು, ಅದಕ್ಕೆ ಪಾಲ್ಮಾ ಅನುಪಾತವನ್ನು ಬಳಸಬೇಕು ಎಂದು ಕೇಳಿದರು. ಅದು ಸರಳವಾದ ಅಳತೆ: ಅತಿ ಶ್ರೀಮಂತ ಶೇ 10 ಮಂದಿಯ ಒಟ್ಟು ಆದಾಯವನ್ನು ಕೆಳಗಿನ ಶೇ 40 ಮಂದಿಯ ಒಟ್ಟು ಆದಾಯದಿಂದ ಭಾಗಿಸುವುದು. ಚಿಲಿ ದೇಶದ ಅರ್ಥಶಾಸ್ತ್ರಜ್ಞ ಗೇಬ್ರಿಯಲ್ ಪಾಲ್ಮಾ ಅವರ ಹೆಸರು ಅದಕ್ಕಿದೆ. ಅದೇ ವರ್ಷದ ಮೇ ತಿಂಗಳಲ್ಲಿ ಬ್ರಿಟನ್, ಇಂಡೋನೇಷ್ಯಾ ಮತ್ತು ಲೈಬೀರಿಯಾದ ಮುಖ್ಯಸ್ಥರು ಜೊತೆಯಾಗಿ ಅಧ್ಯಕ್ಷತೆ ವಹಿಸಿದ್ದ ವಿಶ್ವಸಂಸ್ಥೆಯ ಉನ್ನತ ಸಮಿತಿಯ ವರದಿ ಬಂದಾಗ ಅದರಲ್ಲಿ ಅಸಮಾನತೆಗೆ ಪ್ರತ್ಯೇಕ ಗುರಿಯೇ ಇರಲಿಲ್ಲ. ಯಾರನ್ನೂ ಹಿಂದೆ ಬಿಡಬಾರದು ಎಂಬ ಆಶಯ ಮಾತ್ರ ಇತ್ತು. ಸಂಘಟನೆಗಳು ಅಲ್ಲಿಗೆ ಬಿಡಲಿಲ್ಲ. ಮುಂದಿನ ಹಂತದಲ್ಲಿ 30 ಸ್ಥಾನಗಳ ಮುಕ್ತ ಕಾರ್ಯತಂಡವು ಗುರಿಗಳ ಕರಡನ್ನು ರೂಪಿಸುವಾಗ ಸದಸ್ಯ ರಾಷ್ಟ್ರಗಳನ್ನು ಬೆನ್ನುಹತ್ತಿದವು. ಕೊನೆಗೆ 2015ರ ಸೆಪ್ಟೆಂಬರ್ 25ರಂದು ಅಂಗೀಕಾರವಾದ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಹತ್ತನೆಯದು ದೇಶಗಳ ಒಳಗಿನ ಮತ್ತು ದೇಶಗಳ ನಡುವಿನ ಅಸಮಾನತೆಯನ್ನು ತಗ್ಗಿಸುವುದು ಎಂದಾಯಿತು. ಬದಲಾದ ಅರ್ಧ ಎಂದು ನಾನು ಹೇಳಿದ್ದು ಇದನ್ನೇ.

ಉಳಿದರ್ಧ ಆ ಗುರಿಯ ಒಳಗೇ ಅಡಗಿದೆ. 10.1ನೇ ಉಪಗುರಿಯು ಕೆಳಗಿನ ಶೇ 40 ಮಂದಿಯ ಆದಾಯವು ರಾಷ್ಟ್ರದ ಸರಾಸರಿಗಿಂತ ವೇಗವಾಗಿ ಬೆಳೆಯಬೇಕು ಎನ್ನುತ್ತದೆ. ಕೇಳಲು ಚೆನ್ನಾಗಿದೆ. ಹತ್ತು ಮನೆಗಳ ಒಂದು ಊರನ್ನು ಕಲ್ಪಿಸಿಕೊಂಡು ಲೆಕ್ಕ ಹಾಕಿ ನೋಡಿ. ನಾಲ್ಕು ಬಡ ಮನೆಗಳಿಗೆ ತಿಂಗಳಿಗೆ ತಲಾ 5,000 ರೂಪಾಯಿ, ಐದು ನಡುವಿನ ಮನೆಗಳಿಗೆ ತಲಾ 10,000, ಒಂದು ಸಿರಿವಂತ ಮನೆಗೆ 30,000. ಒಟ್ಟು ಒಂದು ಲಕ್ಷ. ಕೆಲವು ವರ್ಷ ಕಳೆದ ಮೇಲೆ ಬಡವರದು 6,500, ನಡುವಿನವರದು 11,500, ಸಿರಿವಂತರದು 42,000 ಆಯಿತು ಎನ್ನಿ. ಊರಿನ ಒಟ್ಟು ಆದಾಯ 1,25,500, ಅಂದರೆ ಶೇ 25.5ರ ಏರಿಕೆ. ಬಡವರ ಏರಿಕೆ ಶೇ 30. ಉಪಗುರಿ ಮುಟ್ಟಿತು. ಆದರೆ ಬಡ ಮನೆಗೆ ಹೆಚ್ಚಾದದ್ದು 1,500 ರೂಪಾಯಿ, ಸಿರಿವಂತ ಮನೆಗೆ 12,000. ಪಾಲ್ಮಾ ಅನುಪಾತ ಮೊದಲು 1.5 ಇದ್ದದ್ದು ಈಗ 1.6 ದಾಟಿದೆ. ಅಸಮಾನತೆ ತಗ್ಗಿಸುವ ಗುರಿಯನ್ನು ಮುಟ್ಟಿಯೂ ಅಸಮಾನತೆ ಹೆಚ್ಚಿತು! ಬರೆದ ಕೈ ಕೆಳಗಿನವರನ್ನು ಮಾತ್ರ ಎಣಿಸಿ ಮೇಲಿನವರನ್ನು ಎಣಿಸದೆ ಬಿಟ್ಟದ್ದರಿಂದ ಹೀಗಾಗುತ್ತದೆ. ನಾಲೆಯ ಮೇಲ್ಭಾಗದ ಪೈಪುಗಳನ್ನು ಎಣಿಸದೆ ಕೊನೆ ಭಾಗದ ನೀರಿನ ಬಗ್ಗೆ ಮಾತಾಡಿದ ಹಾಗೆ. 2020ರ ಪರಿಶೀಲನೆಯಲ್ಲಿ ತೆರಿಗೆ ಮತ್ತು ಸರ್ಕಾರಿ ವೆಚ್ಚಗಳು ಆದಾಯದ ಅಂತರವನ್ನು ಎಷ್ಟು ತಗ್ಗಿಸುತ್ತವೆ ಎಂಬ ಸೂಚಕವೊಂದು 10.4ನೇ ಉಪಗುರಿಗೆ ಸೇರಿತು. ಇದು ಸಣ್ಣ ಸಂಗತಿಯಲ್ಲ, ಆದರೂ ಮೂಲ ಕೊರತೆ ಹಾಗೆಯೇ ಇದೆ.

ಇನ್ನೊಂದು ಕೊರತೆ ನಮಗೆ ಇನ್ನೂ ಹತ್ತಿರದ್ದು. 10.2ನೇ ಉಪಗುರಿಯು ವಯಸ್ಸು, ಲಿಂಗ, ಅಂಗವೈಕಲ್ಯ, ಜನಾಂಗ, ಬುಡಕಟ್ಟು, ಮೂಲ, ಧರ್ಮ, ಆರ್ಥಿಕ ಅಥವಾ ಇತರ ಸ್ಥಾನಮಾನ ಎಂದು ಪಟ್ಟಿ ಮಾಡುತ್ತದೆ. ಜಾತಿ ಎಂಬ ಪದ ಅಲ್ಲಿಲ್ಲ. ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಯಾವುದೇ ಹಳ್ಳಿಯ ಅಸಮಾನತೆಯನ್ನು ಜಾತಿಯ ಹೆಸರೆತ್ತದೆ ವಿವರಿಸಲು ಹೊರಟವರು ಎರಡನೇ ವಾಕ್ಯದಲ್ಲೇ ತಡವರಿಸಬೇಕಾಗುತ್ತದೆ. ಈ ಪದಕ್ಕಾಗಿ ದಲಿತ ಸಂಘಟನೆಗಳು ನಡೆಸಿದ ಹೋರಾಟ ಹಳೆಯದು. 2001ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ನಡೆದ ಜನಾಂಗೀಯ ತಾರತಮ್ಯ ವಿರೋಧಿ ಜಾಗತಿಕ ಸಮ್ಮೇಳನಕ್ಕೆ ಅವರು ದೊಡ್ಡ ಸಂಖ್ಯೆಯಲ್ಲಿ ಹೋದರು; ಭಾರತ ಸರ್ಕಾರದ ವಿರೋಧದಿಂದಾಗಿ ಘೋಷಣೆಯಲ್ಲಿ ಜಾತಿ ಸೇರಲಿಲ್ಲ. ಆದರೆ ಮರುವರ್ಷ, 2002ರಲ್ಲಿ, ವಿಶ್ವಸಂಸ್ಥೆಯ ಜನಾಂಗೀಯ ತಾರತಮ್ಯ ನಿವಾರಣಾ ಸಮಿತಿಯು ತನ್ನ 29ನೇ ಸಾಮಾನ್ಯ ಶಿಫಾರಸಿನಲ್ಲಿ ಹುಟ್ಟಿನ ಆಧಾರದ ತಾರತಮ್ಯವೂ ಜನಾಂಗೀಯ ತಾರತಮ್ಯ ನಿವಾರಣೆಯ ಅಂತರರಾಷ್ಟ್ರೀಯ ಒಪ್ಪಂದದ ವ್ಯಾಪ್ತಿಗೆ ಬರುತ್ತದೆ ಎಂದು ಹೇಳಿತು, ಜಾತಿಯನ್ನು ಹೆಸರಿಸಿಯೇ ಹೇಳಿತು. ಒಂದು ಬಾಗಿಲು ಮುಚ್ಚಿದಾಗ ಪಕ್ಕದ ಬಾಗಿಲನ್ನು ತಟ್ಟಿದ್ದರ ಫಲ ಅದು. ನಿಮ್ಮ ಬರಹದಲ್ಲಿ ಜಾತಿಯ ಅಂಕಿಗಳನ್ನು ಅಂಜದೆ ಕೊಡಿ ಎಂದು ನಾನು ಹೇಳುವುದಕ್ಕೆ ಇದೇ ಕಾರಣ. ಪಟ್ಟಿಯಲ್ಲಿರುವ "ಮೂಲ" ಮತ್ತು "ಇತರ ಸ್ಥಾನಮಾನ" ಎಂಬ ಪದಗಳ ಅಡಿಯಲ್ಲಿ ಅದಕ್ಕೆ ಜಾಗವಿದೆ.

ದೇಶಗಳ ನಡುವಿನ ಅಸಮಾನತೆಯ ವಿಷಯಕ್ಕೆ ಬಂದರೆ ಒತ್ತಾಯದ ಬಲವನ್ನು ಹೆಚ್ಚು ಸ್ಪಷ್ಟವಾಗಿ ಕಾಣಬಹುದು. 1998ರ ಮೇ ತಿಂಗಳಲ್ಲಿ ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಶ್ರೀಮಂತ ರಾಷ್ಟ್ರಗಳ ನಾಯಕರು ಸೇರಿದ್ದಾಗ ಬಡ ದೇಶಗಳ ಸಾಲ ಮನ್ನಾಕ್ಕಾಗಿ ಸುಮಾರು 70,000 ಮಂದಿ ಕೈಕೈ ಹಿಡಿದು ಮಾನವ ಸರಪಳಿ ಮಾಡಿದರು. ಮರುವರ್ಷ ಜರ್ಮನಿಯ ಕಲೋನ್‌ನಲ್ಲಿ ನಡೆದ ಅವರ ಸಭೆಯಲ್ಲಿ ಸಾಲ ಪರಿಹಾರದ ಯೋಜನೆ ವಿಸ್ತಾರಗೊಂಡಿತು. ತೆರಿಗೆಯ ವಿಷಯವೂ ಹಾಗೆಯೇ. ಬಹುರಾಷ್ಟ್ರೀಯ ಕಂಪನಿಗಳ ಮೇಲಿನ ತೆರಿಗೆ ನಿಯಮಗಳನ್ನು ಶ್ರೀಮಂತ ದೇಶಗಳ ಕೂಟವೇ ಬರೆಯಬಾರದು, ಎಲ್ಲ ದೇಶಗಳಿಗೂ ಸಮಾನ ಮತವಿರುವ ವಿಶ್ವಸಂಸ್ಥೆಯಲ್ಲಿ ಬರೆಯಬೇಕು ಎಂದು ಸಂಘಟನೆಗಳು ವರ್ಷಗಟ್ಟಲೆ ಹೇಳುತ್ತ ಬಂದವು. 2023ರ ನವೆಂಬರಿನಲ್ಲಿ ಆಫ್ರಿಕಾ ದೇಶಗಳ ಗುಂಪು ತಂದ ನಿರ್ಣಯವು 125 ಪರ, 48 ವಿರೋಧ ಮತಗಳೊಂದಿಗೆ ಅಂಗೀಕಾರವಾಯಿತು. ತೆರಿಗೆ ಸಹಕಾರದ ಒಪ್ಪಂದದ ಮಾತುಕತೆಗೆ 2027ರ ಗಡುವು ಇಟ್ಟುಕೊಂಡಿದ್ದಾರೆ. 2025ರಲ್ಲಿ ದಕ್ಷಿಣ ಆಫ್ರಿಕಾ ಜಿ-20 ಅಧ್ಯಕ್ಷ ಸ್ಥಾನದಲ್ಲಿದ್ದಾಗ ಅರ್ಥಶಾಸ್ತ್ರಜ್ಞ ಜೋಸೆಫ್ ಸ್ಟಿಗ್ಲಿಟ್ಜ್ ನೇತೃತ್ವದ ತಜ್ಞರ ಸಮಿತಿಯು, 2000ದಿಂದ 2024ರವರೆಗೆ ಜಗತ್ತಿನಲ್ಲಿ ಹೊಸದಾಗಿ ಸೃಷ್ಟಿಯಾದ ಸಂಪತ್ತಿನಲ್ಲಿ ಶೇ 41ರಷ್ಟು ಮೇಲಿನ ಶೇ 1 ಮಂದಿಯ ಪಾಲಾಯಿತು, ಕೆಳಗಿನ ಅರ್ಧ ಜಗತ್ತಿಗೆ ಸಿಕ್ಕಿದ್ದು ಶೇ 1 ಮಾತ್ರ ಎಂದು ವರದಿ ಕೊಟ್ಟಿತು. ಹವಾಮಾನ ಬದಲಾವಣೆಗೆ ಇರುವಂತೆ ಅಸಮಾನತೆಗೂ ಶಾಶ್ವತವಾದ ಅಂತರರಾಷ್ಟ್ರೀಯ ಮಂಡಳಿ ಬೇಕೆಂದು ಅದು ಶಿಫಾರಸು ಮಾಡಿದೆ. ಮೇಲಿನವರನ್ನು ಎಣಿಸುವ ಕೆಲಸ ಅಂತೂ ಶುರುವಾಗಿದೆ.

ಈಗ ನಿಮ್ಮ ಹಿರಿಯರ ಪ್ರಶ್ನೆ: ಇದರಿಂದ ನಮಗೇನು ಬಂತು? ಅಳತೆ ಬದಲಾದರೆ ಹಣದ ದಾರಿ ಬದಲಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಸಾಕ್ಷಿಯಿದೆ. ನಮ್ಮಲ್ಲಿ ಹಿಂದುಳಿದಿರುವಿಕೆಯ ಮಾತು ಬಹುಕಾಲ ಉತ್ತರ ಕರ್ನಾಟಕ, ದಕ್ಷಿಣ ಕರ್ನಾಟಕ ಎಂಬ ಎರಡೇ ಪದಗಳಲ್ಲಿ ನಡೆಯುತ್ತಿತ್ತು. ಆ ಅನ್ಯಾಯದ ವಿರುದ್ಧ ಉತ್ತರದ ಜಿಲ್ಲೆಗಳ ಜನ ಎತ್ತಿದ ದನಿಯಿಂದಲೇ ಡಾ. ಡಿ.ಎಂ. ನಂಜುಂಡಪ್ಪ ಅವರ ಉನ್ನತಾಧಿಕಾರ ಸಮಿತಿ ನೇಮಕವಾಯಿತು. 2002ರಲ್ಲಿ ವರದಿ ಕೊಟ್ಟ ಆ ಸಮಿತಿ ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಅಳತೆಯ ಘಟಕವಾಗಿ ಇಟ್ಟುಕೊಂಡಿತು. 35 ಸೂಚಕಗಳನ್ನು ಹಿಡಿದು ಅಂದಿನ 175 ತಾಲ್ಲೂಕುಗಳನ್ನು ತೂಗಿದಾಗ 114 ಹಿಂದುಳಿದವು ಎಂದು ಕಂಡುಬಂತು. 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಉತ್ತರದ 59 ತಾಲ್ಲೂಕುಗಳ ಜೊತೆಗೆ ದಕ್ಷಿಣದ 55 ತಾಲ್ಲೂಕುಗಳೂ ಆ ಪಟ್ಟಿಯಲ್ಲಿದ್ದವು. ಅತ್ಯಂತ ಹಿಂದುಳಿದ 39ರಲ್ಲಿ ಮಾತ್ರ 26 ಉತ್ತರದವೇ ಆಗಿದ್ದವು, ಆ ನೋವು ನಿಜವೆಂದೂ ಸಾಬೀತಾಯಿತು. ವಿಭಾಗದ ಸರಾಸರಿಯ ಹಿಂದೆ ಕಾಣದೆ ಹೋಗಿದ್ದ ನಮ್ಮ ಬಯಲುಸೀಮೆಯ ತಾಲ್ಲೂಕುಗಳು ಲೆಕ್ಕಕ್ಕೆ ಬಂದದ್ದು ಆಗ. ಅದರ ನಂತರದ ವರ್ಷಗಳಲ್ಲಿ ವಿಶೇಷ ಅಭಿವೃದ್ಧಿ ಯೋಜನೆಯ ಅನುದಾನ ಕೇಳುವವರ ಕೈಯಲ್ಲಿ ಒಂದು ದಾಖಲೆ ಇತ್ತು. 2024ರಲ್ಲಿ ಪ್ರೊ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಸರ್ಕಾರ ಹೊಸ ಸಮಿತಿಯನ್ನು ನೇಮಿಸಿತು. ಆದರೂ ತಾಲ್ಲೂಕಿನ ಸರಾಸರಿಯೂ ಸರಾಸರಿಯೇ. ಅದರ ಕೆಳಗೆ ಹಟ್ಟಿ, ಕಾಲೊನಿ, ತಾಂಡಾಗಳಿವೆ. ಅಲ್ಲಿಯವರೆಗೆ ಅಳತೆಯನ್ನು ಇಳಿಸುವ ಕೆಲಸವನ್ನು ಯಾವ ಸಮಿತಿಯೂ ಮಾಡುವುದಿಲ್ಲ. ಅದನ್ನು ನಿಮ್ಮಂಥವರೇ ಮಾಡಬೇಕು.

ಇನ್ನೊಂದು ನೆನಪು ಹೇಳುತ್ತೇನೆ. ರಾಜಸ್ಥಾನದ ಹಳ್ಳಿಗಳಲ್ಲಿ 1994ರಿಂದ ಕೂಲಿಕಾರರು ಜನಸುನವಾಯಿ, ಅಂದರೆ ಬಹಿರಂಗ ವಿಚಾರಣೆ, ನಡೆಸಿ, ಕೂಲಿಯ ಹಾಜರಿ ಪಟ್ಟಿಯಾದ ಮಸ್ಟರ್ ರೋಲನ್ನು ಎಲ್ಲರ ಮುಂದೆ ಓದಿಸಿ, ಸತ್ತವರ ಹೆಸರಿನಲ್ಲೂ ಕೂಲಿ ಬಟವಾಡೆಯಾದದ್ದನ್ನು ಬಯಲಿಗೆಳೆದರು. ಆ ಹೋರಾಟ ಬೆಳೆದು 2005ರ ಮಾಹಿತಿ ಹಕ್ಕು ಕಾಯ್ದೆಗೆ ದಾರಿಯಾಯಿತು. ಅದೇ ವರ್ಷದ ಉದ್ಯೋಗ ಖಾತರಿ ಕಾಯ್ದೆಯ 17ನೇ ಕಲಂನಲ್ಲಿ ಕಾಮಗಾರಿಗಳ ಲೆಕ್ಕವನ್ನು ಗ್ರಾಮಸಭೆಯೇ ಪರಿಶೀಲಿಸುವ ಸಾಮಾಜಿಕ ಪರಿಶೋಧನೆ ಸೇರಿತು. 2006ರ ಫೆಬ್ರವರಿಯಲ್ಲಿ ಆ ಕಾಯ್ದೆ ದೇಶದ 200 ಜಿಲ್ಲೆಗಳಲ್ಲಿ ಜಾರಿಯಾದಾಗ ಕರ್ನಾಟಕದಿಂದ ಆಯ್ಕೆಯಾದ ಐದರಲ್ಲಿ ಚಿತ್ರದುರ್ಗ, ದಾವಣಗೆರೆ ಎರಡೂ ಇದ್ದವು. ಆ ದಿನಗಳಲ್ಲಿ ಚಿತ್ರದುರ್ಗ ಜಿಲ್ಲೆಯ ಒಂದು ಊರಿನ ಸಭೆಗೆ ನಾನು ಹೋಗಿದ್ದೆ. ಐವತ್ತರ ಆಸುಪಾಸಿನ ಒಬ್ಬ ತಾಯಿ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಬಂದಿದ್ದ ಜಾಬ್ ಕಾರ್ಡನ್ನು ಬಿಚ್ಚಿ ನನ್ನ ಮುಂದಿಟ್ಟರು. ಫೋಟೊ ಅಂಟಿಸಿದ ಮೊದಲ ಪುಟ ಬಿಟ್ಟರೆ ಉಳಿದ ಪುಟಗಳೆಲ್ಲ ಖಾಲಿ. "ಎರಡು ವಾರ ಕೆರೆ ಹೂಳು ಹೊತ್ತೀನಪ್ಪಾ, ಇದರಾಗೆ ಯಾಕೆ ಬರದಿಲ್ಲ?" ಎಂದು ಕೇಳಿದರು. ಅವರ ಬಳಿ ಇದ್ದ ಇನ್ನೊಂದು ಕಾಗದ ಚಿಕ್ಕದು: ಕೆಲಸ ಕೇಳಿ ಕೊಟ್ಟ ಅರ್ಜಿಗೆ ಯಾರೋ ತಾರೀಖು ಹಾಕಿ ಸಹಿ ಮಾಡಿದ ಸ್ವೀಕೃತಿ. ಆ ಚೂರು ಕಾಗದ ಇದ್ದದ್ದರಿಂದಲೇ ಅವರ ಮಾತು ಸಭೆಯಲ್ಲಿ ನಿಂತಿತು. ಕಾಗದವಿಲ್ಲದ ಉಳಿದ ಹನ್ನೊಂದು ಮಂದಿಯ ಮಾತನ್ನು ದೂರು ಎಂದು ಬರೆದುಕೊಂಡು ಬಿಟ್ಟರು. ತಾರೀಖಿರುವ ಸ್ವೀಕೃತಿ ಕೊಡಬೇಕು ಎಂಬ ಒಂದು ಸಾಲನ್ನು ಕಾಯ್ದೆಯಲ್ಲಿ ಸೇರಿಸಲು ಎಷ್ಟು ಜನ ಎಷ್ಟು ಕಾಲ ಬೀದಿಯಲ್ಲಿ ಕುಳಿತಿರಬೇಕು ಎಂದು ಆಮೇಲೆ ನಾನು ಹಲವು ಸಲ ಯೋಚಿಸಿದ್ದೇನೆ.

ಹಾಗಾಗಿ ನೀವು ಬರೆಯುವುದು ಬರೀ ಕಷ್ಟದ ಕಥೆಯಾಗಬಾರದು. ಒಕ್ಕೂಟದ ಸದಸ್ಯರಿರುವ ನಾಲ್ಕೈದು ಊರುಗಳನ್ನು ಆರಿಸಿಕೊಳ್ಳಿ. ಪ್ರತಿ ಊರಿನಲ್ಲೂ ಮುಖ್ಯ ಊರು, ಕಾಲೊನಿ, ಹಟ್ಟಿ ಅಥವಾ ತಾಂಡಾ ಎಂದು ಬೇರೆ ಬೇರೆಯಾಗಿ ಮೂರೋ ನಾಲ್ಕೋ ಸಂಗತಿಗಳನ್ನು ಮಾತ್ರ ಎಣಿಸಿ: ಮನೆಬಾಗಿಲಿಗೆ ಬರುವ ನೀರು ವಾರಕ್ಕೆ ಎಷ್ಟು ದಿನ, ಹತ್ತನೇ ತರಗತಿ ಮುಗಿಸಿದ ಹೆಣ್ಣುಮಕ್ಕಳು ಎಷ್ಟು, ಕೂಲಿಯಲ್ಲಿ ಹೆಣ್ಣಾಳಿಗೂ ಗಂಡಾಳಿಗೂ ಎಷ್ಟು ವ್ಯತ್ಯಾಸ, ವಿಧವಾ ಅಥವಾ ಅಂಗವಿಕಲ ವೇತನ ಬರಬೇಕಾದವರಲ್ಲಿ ಎಷ್ಟು ಮಂದಿಗೆ ಬರುತ್ತಿದೆ. ಹೆಚ್ಚು ಎಣಿಸಲು ಹೋದರೆ ಅಂಕಿಗಳು ಸಡಿಲವಾಗುತ್ತವೆ. ಒಂದು ತಪ್ಪು ಅಂಕಿ ಸಿಕ್ಕರೆ ಅಧಿಕಾರಿಗಳು ಉಳಿದ ಒಂಬತ್ತನ್ನೂ ಬದಿಗೆ ಸರಿಸುತ್ತಾರೆ. ಎಣಿಸಿದ ತಾರೀಖು, ಎಣಿಸಿದವರ ಹೆಸರು, ಊರಿನವರ ಮುಂದೆ ಓದಿ ಒಪ್ಪಿಸಿದ ದಿನ, ಇವು ದಾಖಲಾಗಿರಲಿ. ಅಂಕಿಯನ್ನು ವಯಸ್ಸು, ಲಿಂಗ, ಅಂಗವೈಕಲ್ಯ, ವಾಸಿಸುವ ಸ್ಥಳ ಎಂದು ಬಿಡಿಸಿ ಕೊಡಬೇಕೆಂಬುದು 17.18ನೇ ಉಪಗುರಿಯಲ್ಲೇ ಇರುವ ಮಾತು. ನೀವು ಕೇಳುತ್ತಿರುವುದು ಸರ್ಕಾರ ಆಗಲೇ ಒಪ್ಪಿಕೊಂಡಿರುವುದನ್ನೇ ಎಂದು ಮೊದಲ ಪುಟದಲ್ಲಿ ಬರೆಯಿರಿ.

ಇದನ್ನು ಮುಟ್ಟಿಸುವುದು ಎಲ್ಲಿಗೆ? ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಸಲಹಾ ಸ್ಥಾನಮಾನ (ಅದರ ಸಭೆಗಳಲ್ಲಿ ಭಾಗವಹಿಸಲು ಸಂಸ್ಥೆಗಳಿಗೆ ಸಿಗುವ ಮಾನ್ಯತೆ) ನಿಮ್ಮ ಒಕ್ಕೂಟಕ್ಕೆ ಬೇಕಾಗಿಲ್ಲ. ಅದಿರುವ ಸಂಸ್ಥೆಗಳ ಜೊತೆ ಸೇರಿದರೆ ಸಾಕು. ಪ್ರತಿ ವರ್ಷ ಜುಲೈಯಲ್ಲಿ ನ್ಯೂಯಾರ್ಕಿನಲ್ಲಿ ಉನ್ನತ ಮಟ್ಟದ ರಾಜಕೀಯ ವೇದಿಕೆ ಸೇರುತ್ತದೆ. ಅಲ್ಲಿ ದೇಶಗಳು ಸ್ವಯಂಪ್ರೇರಿತವಾಗಿ ತಮ್ಮ ಪ್ರಗತಿಯ ವರದಿ ಒಪ್ಪಿಸುತ್ತವೆ. ಭಾರತ 2017, 2020 ಮತ್ತು 2025ರಲ್ಲಿ ಒಪ್ಪಿಸಿದೆ. ಅದನ್ನು ಸಿದ್ಧಪಡಿಸುವುದು ನೀತಿ ಆಯೋಗ. ಸರ್ಕಾರಿ ವರದಿಗೆ ಪೂರಕವಾಗಿ ನಾಗರಿಕ ಸಮಾಜದ ವರದಿಯನ್ನು ತರುವ ಕೆಲಸವನ್ನು "ವಾದಾ ನ ತೋಡೋ ಅಭಿಯಾನ"ದಂಥ ರಾಷ್ಟ್ರಮಟ್ಟದ ಒಕ್ಕೂಟಗಳು ಮಾಡುತ್ತ ಬಂದಿವೆ. ನಿಮ್ಮ ಪಟ್ಟಿ ಅಲ್ಲಿಗೆ ಹೋಗಲಿ. ಆದರೆ ಅದಕ್ಕೂ ಮೊದಲು ಗ್ರಾಮಸಭೆಗೆ, ತಾಲ್ಲೂಕು ಪಂಚಾಯಿತಿಗೆ, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ, ನಿಮ್ಮ ಶಾಸಕರಿಗೆ ಹೋಗಲಿ. ಈ ಕ್ರಮವನ್ನು ತಲೆಕೆಳಗು ಮಾಡಬೇಡಿ. ಊರಿನಲ್ಲಿ ಓದದೆ ಇದ್ದ ಪಟ್ಟಿಯನ್ನು ನ್ಯೂಯಾರ್ಕಿನಲ್ಲಿ ಓದಿದರೆ ಊರಿನ ನಲ್ಲಿಯಲ್ಲಿ ಒಂದು ತೊಟ್ಟು ನೀರೂ ಹೆಚ್ಚಾಗುವುದಿಲ್ಲ.

ಒಂದು ಕಠಿಣ ಮಾತನ್ನೂ ಹೇಳಲೇಬೇಕು. ಅಸಮಾನತೆಯ ಬಗ್ಗೆ ಮಾತಾಡುವ ನಾಗರಿಕ ಸಮಾಜದ ಒಳಗೂ ಅಸಮಾನತೆ ಇದೆ. ಇಂಗ್ಲಿಷ್ ಬಲ್ಲ, ನಗರದಲ್ಲಿರುವ, ದಾನಿಗಳ ಪರಿಚಯವಿರುವ ಸಂಸ್ಥೆಗಳು ವೇದಿಕೆಯ ಮೇಲಿರುತ್ತವೆ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿನ ಮುಂದೆ ನಿಂತು ಹೊಗೆ ಕುಡಿಯುವ ಹೆಣ್ಣುಮಗಳು ಅವರ ವರದಿಯ ಮುಖಪುಟದ ಚಿತ್ರದಲ್ಲಿರುತ್ತಾಳೆ. 2020ರಲ್ಲಿ ವಿದೇಶಿ ವಂತಿಗೆ ಕಾಯ್ದೆಗೆ ತಂದ ತಿದ್ದುಪಡಿಯು ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ಹಂಚುವುದನ್ನು ನಿಷೇಧಿಸಿ, ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿದ ಮೇಲೆ, ದೊಡ್ಡ ಸಂಸ್ಥೆಗಳ ಮೂಲಕ ನೆರವು ಪಡೆಯುತ್ತಿದ್ದ ಹಳ್ಳಿಯ ಸಣ್ಣ ಗುಂಪುಗಳಿಗೆ ಆ ದಾರಿಯೂ ಮುಚ್ಚಿತು. ನಿಮ್ಮ ಒಕ್ಕೂಟ ಸದಸ್ಯೆಯರ ಉಳಿತಾಯದ ಹಣದಿಂದ ನಡೆಯುತ್ತಿದ್ದರೆ ಈ ವಿಷಯದಲ್ಲಿ ನೀವು ಅನೇಕರಿಗಿಂತ ಗಟ್ಟಿಯಾಗಿದ್ದೀರಿ. ಬೆಂಗಳೂರಿನವರು ನಿಮ್ಮ ಬರಹವನ್ನು ಇಂಗ್ಲಿಷಿಗೆ ತಿರುಗಿಸಿ ಕಳುಹಿಸುವುದಾದರೆ, ಕಳುಹಿಸುವ ಮುನ್ನ ಅದನ್ನು ಕನ್ನಡದಲ್ಲಿ ನಿಮಗೆ ಓದಿ ಹೇಳಬೇಕೆಂದು, ಪಟ್ಟಿಯ ಮೇಲೆ ಒಕ್ಕೂಟದ ಹೆಸರಿರಬೇಕೆಂದು ಈಗಲೇ ಬರೆಸಿಕೊಳ್ಳಿ.

ಮುಂದಿನ ಗ್ರಾಮಸಭೆಯ ತಾರೀಖನ್ನು ಪಂಚಾಯಿತಿಯಲ್ಲಿ ಕೇಳಿ ತಿಳಿದುಕೊಂಡು, ಅದಕ್ಕೆ ಮೂರು ವಾರ ಮುಂಚೆ ಎಣಿಕೆ ಶುರುಮಾಡಿ. ಆ ಪ್ರಶ್ನೆ ಕೇಳಿದ ಹಿರಿಯರನ್ನೇ ಮೊದಲ ಊರಿಗೆ ಜೊತೆಯಲ್ಲಿ ಕರೆದುಕೊಂಡು ಹೋಗಿ. ಸಭೆಯಲ್ಲಿ ಪಟ್ಟಿ ಓದುವವರೂ ಅವರೇ ಆಗಲಿ. ಓದಿದ ಮೇಲೆ ಒಂದು ಪ್ರತಿಯನ್ನು ಕಾರ್ಯದರ್ಶಿಗೆ ಕೊಟ್ಟು, ತಾರೀಖು ಹಾಕಿದ ಸ್ವೀಕೃತಿ ತೆಗೆದುಕೊಳ್ಳದೆ ಅಲ್ಲಿಂದ ಏಳಬೇಡಿ.